ಹವಳದ್ವೀಪದ ಕಲ್ಲು ಆರಿಸಿದ ಅಕ್ಕ

ಸಣ್ಣದೇನನ್ನಾದರೂ ದಿಟ್ಟಿಸಿ ನೋಡುವಾಗ ನಮ್ಮ ಅಕ್ಕ ಕಣ್ಣು ಕಿರಿದು ಮಾಡುತ್ತಿರಲಿಲ್ಲ, ಉಸಿರು ಹಿಡಿಯುತ್ತಿದ್ದಳು. ಮೂಗಿನ ಹೊಳ್ಳೆ ಎರಡೂ ಒಳಕ್ಕೆ ಅಂಟಿಕೊಂಡು, ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಸಾಲು ಮೂಡಿ, ಕತ್ತಿನ ಒಂದು ನರ ಮಾತ್ರ ಮಿಡಿಯುತ್ತಿತ್ತು. ಆರಿಸಿದ್ದನ್ನು ಬದಿಗಿಟ್ಟ ಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಉಸಿರು ಬಿಡುತ್ತಿದ್ದಳು. ಅವಳ ಮುಂದೆ ಇದ್ದದ್ದು ಅಷ್ಟು ಹಗುರವಾದ ವಸ್ತು. ಒಂದು ಸೀನು ಬಂದರೆ ವಾರದ ಕೆಲಸ ಹಾರಿಹೋಗುತ್ತಿತ್ತು.

ಅದು ಅರಬ್ಬೀ ಸಮುದ್ರದ ನಡುವೆ ಉಂಗುರದ ಹಾಗೆ ಬೆಳೆದು ನಿಂತ ಒಂದು ಹವಳದ ದ್ವೀಪದ ಕಲ್ಲಿನ ಪುಡಿ. ಸೊರಬದ ಪೇಟೆ ಬೀದಿಯ ಒಂದು ಪಡಸಾಲೆಗೆ ಅದು ಬಂದದ್ದು ಹೇಗೆ ಎಂದು ಹೇಳಬೇಕಾದರೆ ನನ್ನ ಕಣ್ಣಿನ ಸಂಗತಿಯಿಂದ ಶುರುಮಾಡಬೇಕು.

ಐವತ್ತೇಳನೆಯ ಇಸವಿ. ನಾನು ಒಂದು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅದಕ್ಕೂ ಹಿಂದಿನ ವರ್ಷ ಆ ದ್ವೀಪದಲ್ಲಿ ದೀಪಸ್ತಂಭಕ್ಕೆ ಬುನಾದಿ ನೋಡಲು ನೆಲ ಕೊರೆದಿದ್ದರು. ಕೊರೆದಾಗ ಮೇಲೆ ಬಂದ, ಲಟ್ಟಣಿಗೆಯಂತೆ ಉದ್ದುದ್ದ ಇದ್ದ ಕಲ್ಲಿನ ತುಂಡುಗಳನ್ನು ಎರಡು ಪೆಟ್ಟಿಗೆಗಳಲ್ಲಿ ನಾನು ಹಡಗಿನಲ್ಲಿ ತಂದಿದ್ದೆ. ಹವಳದ ಹುಳು ಕಟ್ಟುವುದು ಬರೀ ಸುಣ್ಣದ ಕಲ್ಲು. ಆದರೆ ಆಳದಿಂದ ಬಂದ ತುಂಡುಗಳಲ್ಲಿ ಸುಣ್ಣದ ಜಾಗಕ್ಕೆ ಅರ್ಧದಷ್ಟು ಮೆಗ್ನೀಷಿಯಂ ಬಂದು ಕೂತು ಡಾಲಮೈಟ್ ಎಂಬ ಬೇರೆಯೇ ಕಲ್ಲಾಗಿತ್ತು. ಅದು ಯಾವಾಗ ಬಂತು, ಯಾವ ನೀರು ಅದನ್ನು ತಂದು ಹಾಕಿತು ಎಂಬುದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಗುರುಗಳು ಹೊರದೇಶದ ಒಬ್ಬ ಪ್ರೊಫೆಸರರಿಗೆ ಬರೆದರು. ಅವರಲ್ಲಿ ಅಣುಗಳನ್ನು ತೂಕದ ಮೇಲೆ ಬೇರ್ಪಡಿಸುವ ಯಂತ್ರವಿತ್ತು. 'ಅಪ್ಪಟ ಡಾಲಮೈಟ್ ಕಾಳುಗಳನ್ನು ಆರಿಸಿ ಕಳಿಸಿದರೆ ಅಳೆದು ಕೊಡುತ್ತೇನೆ' ಎಂದು ಅವರ ಉತ್ತರ ಬಂತು.

ಅದೇ ತಿಂಗಳು ಪ್ರಯೋಗಶಾಲೆಯಲ್ಲಿ ಆಮ್ಲದ ಸೀಸೆ ಒಡೆದು ನನ್ನ ಬಲಗಣ್ಣಿಗೆ ಸಿಡಿಯಿತು.

ಶಿಕಾರಿಪುರದ ನಮ್ಮ ಮನೆಗೆ ಬಂದೆ. ಅಲ್ಲಿ ಅಪ್ಪನ ಜವಳಿ ಅಂಗಡಿ, ಇಬ್ಬರು ಅಣ್ಣಂದಿರು, ಅವರ ಸಂಸಾರ, ಹಗಲೆಲ್ಲ ಗದ್ದಲ. ಊರಿನಲ್ಲಿದ್ದ ಕಣ್ಣಿನ ಡಾಕ್ಟರು ನೋಡಿದರು. "ಬಲಗಣ್ಣು ಹೋಯ್ತು ಅಂತಲೇ ತಿಳ್ಕೊಳ್ರೀ. ಎಡಗಣ್ಣಾದರೂ ಉಳೀಬೇಕು ಅಂದ್ರೆ ಒಂದು ವರ್ಷ ಲೆನ್ಸು ಮೈಕ್ರೋಸ್ಕೋಪು ಮುಟ್ಟಬ್ಯಾಡ್ರಿ. ತಿಂಗಳಿಗೊಮ್ಮೆ ಬಂದು ತೋರಿಸ್ರಿ" ಎಂದರು. ಕಾಲೇಜಿನವರು ಒಂದು ವರ್ಷ ರಜೆ ಕೊಟ್ಟರು. ನೋಡಲು ಬಂದ ಅಕ್ಕ ಒಂದು ದಿನ ಕೂತು ಎಲ್ಲವನ್ನೂ ನೋಡಿದಳು. ಮರುದಿನ ನನ್ನ ಹಾಸಿಗೆ ಸುತ್ತಿದಳು. "ಈ ಸಂತೆಯಾಗೆ ಕಣ್ಣು ಮುಚ್ಚಿ ಮಲಗಾಕೆ ಆಗ್ತತೇನೋ? ನಡಿ ಸೊರಬಕ್ಕೆ" ಎಂದಳು. ಕಲ್ಲಿನ ಪೆಟ್ಟಿಗೆಗಳೂ ಬಸ್ಸಿನ ಮೇಲೆ ನಮ್ಮ ಜೊತೆ ಬಂದವು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಮೂರು ವರ್ಷ. ಆಮೇಲೆ ಅವಳ ಮದುವೆಯಾಗುವವರೆಗೂ ನಾನು ಅವಳ ಸೊಂಟದ ಮೇಲೇ ಇದ್ದೆನಂತೆ. ಕುಪ್ಪಗಡ್ಡೆಯ ಕಡೆಯ ಸಂಬಂಧ, ಗಂಡ ಸೊರಬದಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಮದುವೆಯಾಗಿ ಆರನೆಯ ವರ್ಷಕ್ಕೆ ವಿಷಮಶೀತ ಜ್ವರದಲ್ಲಿ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಅಂಗಡಿ ಬೇರೆಯವರ ಪಾಲಾಯಿತು, ಅತ್ತೆ ಮಾತ್ರ ಅಕ್ಕನ ಪಾಲಿಗೆ ಉಳಿದರು. ಅಪ್ಪ ಕರೆಯಲು ಹೋದಾಗ "ಅತ್ತೇನ ಯಾರ್ ನೋಡ್ಕೊಳ್ತಾರಪ್ಪ?" ಎಂದಳಂತೆ. ಅಷ್ಟೇ.

ಅವಳ ಜೀವನ ನಡೆಯುತ್ತಿದ್ದುದು ಆರಿಸುವುದರಿಂದ. ಪೇಟೆಯ ಅಂಗಡಿಗಳಿಂದ ಅಕ್ಕಿ, ತೊಗರಿಬೇಳೆ, ಜೀರಿಗೆಯ ಮೂಟೆಗಳು ಬರುತ್ತಿದ್ದವು. ಅಕ್ಕ ಮೊರದಲ್ಲಿ ಕೇರಿ, ಕಲ್ಲು ಹೊಟ್ಟು ತೆಗೆದು ಹಸನು ಮಾಡಿ ಕೊಡುತ್ತಿದ್ದಳು. ಹದಿನೈದು ವರ್ಷ ಅದೇ ಕೆಲಸ. ಅವಳು ಆರಿಸಿದ ಅಕ್ಕಿ ಎಂದು ಬೇರೆಯಾಗಿ ಕೇಳಿ ಒಯ್ಯುವವರು ಆನವಟ್ಟಿಯಿಂದಲೂ ಬರುತ್ತಿದ್ದರು. ಜೀರಿಗೆಯಲ್ಲಿ ಜೀರಿಗೆಯ ಬಣ್ಣದ್ದೇ ಮಣ್ಣಿನ ಕಣ ಇರುತ್ತದೆ. ಅದನ್ನು ಅವಳು ನೋಡಿ ತೆಗೆಯುತ್ತಿದ್ದಳೋ ಮುಟ್ಟಿ ತೆಗೆಯುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. "ಕಣ್ಣಿಗೆ ಅವಸರ ಬಂದ್ರೆ ಕೈ ಸುಳ್ಳು ಹೇಳ್ತತೆ" ಎನ್ನುತ್ತಿದ್ದಳು.

ಕಲ್ಲಿಗೂ ಅವಳಿಗೂ ಮೊದಲ ಪರಿಚಯವಾದದ್ದು ನನ್ನ ಕೋಪದಿಂದ. ಸೊರಬಕ್ಕೆ ಹೋಗಿ ಒಂದು ವಾರವಾಗಿತ್ತು. ಕೊಯ್ದು ನುಣುಪು ಮಾಡಿದ್ದ ಮೂರು ಬಿಲ್ಲೆಗಳನ್ನು ಕಿಟಕಿಯಲ್ಲಿ ಇಟ್ಟಿದ್ದೆ. ಮಧ್ಯಾಹ್ನ ನೋಡಿದರೆ ಇಲ್ಲ. ಹಿತ್ತಲಿನಲ್ಲಿ ತಾಮ್ರದ ಚೊಂಬುಗಳ ಸಾಲಿನಲ್ಲಿ ಅವೂ ಹುಣಸೆಹಣ್ಣಿನ ನೀರಿನಲ್ಲಿ ಮುಳುಗಿದ್ದವು.

"ಧೂಳು ಹಿಡಿದಿತ್ತು, ಬೆಳಗಾನ ಅಂತ ನೆನೆ ಹಾಕಿದ್ನಪ್ಪ" ಎಂದಳು ಅಕ್ಕ.

ನಾನು ಕೂಗಾಡಿದೆ. ಅದು ಎಷ್ಟು ದೂರದಿಂದ ಬಂದದ್ದು, ಆ ಆಳದ ಕಲ್ಲು ಇನ್ನೊಮ್ಮೆ ಸಿಗುವುದಿಲ್ಲ ಎಂದೆಲ್ಲ ಹೇಳಿದೆ. ಅವಳು ಬಿಲ್ಲೆಗಳನ್ನು ತೊಳೆದು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. ಇಡುವಾಗ ಹೆಬ್ಬೆರಳಿಂದ ಒಮ್ಮೆ ಸವರಿದಳು.

"ಮುಟ್ಟಿ ನೋಡು. ಮೊದಲು ನುಣ್ಣಗಿತ್ತು. ಈಗ ರವೆ ಎದ್ದಂಗೆ ಎದ್ದೈತೆ. ಹುಳಿಗೆ ಕರಗೋದು ಒಂದು, ಕರಗದೆ ಇರೋದು ಒಂದು, ಎರಡು ಕೂಡೈತೆ ಇದರಾಗೆ."

ನಾನು ಮುಟ್ಟಿ ನೋಡಿದೆ. ಸುಣ್ಣ ಕರಗಿ ತಗ್ಗಾಗಿತ್ತು, ಡಾಲಮೈಟ್ ಕರಗದೆ ಹರಳುಹರಳಾಗಿ ಮೇಲೆ ನಿಂತಿತ್ತು. ಆಮ್ಲ ಹಾಕಿ ಇವೆರಡನ್ನೂ ಬೇರೆಯಾಗಿ ಗುರುತಿಸುವ ಪಾಠವನ್ನು ನಾನು ಕಾಲೇಜಿನಲ್ಲಿ ಎರಡು ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದೆ. ಕೂಗಾಡಿದ ನಾಚಿಕೆಗೆ ಅವತ್ತು ಊಟ ಸೇರಲಿಲ್ಲ. ಅವಳೇ ಬಡಿಸುತ್ತ, "ನಿನ್ನ ಕಣ್ಣಿಗೆ ಕೆಲಸ ಬ್ಯಾಡ ಅಂದಾರೆ. ಇದನ್ನ ಆರಿಸಬೇಕು ಅಂತಿದ್ರೆ ನಾನು ಆರಿಸ್ತೀನಿ ಹೇಳು" ಎಂದಳು.

ಹಾಗೆ ಶುರುವಾಯಿತು. ಹುಣಸೆ ತಾಕದ ತುಂಡುಗಳಲ್ಲಿ ಡಾಲಮೈಟ್ ಹೆಚ್ಚಿದ್ದ ಭಾಗವನ್ನು ಮೆಲ್ಲಗೆ ಕುಟ್ಟಿ ಜರಡಿ ಹಿಡಿಯುತ್ತಿದ್ದೆವು. ಅಕ್ಕ ಕಪ್ಪು ಸ್ಲೇಟಿನ ಮೇಲೆ ಚಿಟಿಕೆಯಷ್ಟು ಹರಡಿಕೊಂಡು, ನನ್ನ ಲೆನ್ಸನ್ನು ಎಡಗೈಯಲ್ಲಿ ಹಿಡಿದು, ಪೊರಕೆಯಿಂದ ಕಿತ್ತು ಒದ್ದೆ ಮಾಡಿದ ಹಂಚಿಕಡ್ಡಿಯ ತುದಿಯಿಂದ ಒಂದೊಂದೇ ಕಾಳು ಎತ್ತಿ ಔಷಧಿಯ ಸೀಸೆಗೆ ಹಾಕುತ್ತಿದ್ದಳು. ಒಂದು ಕಾಳೆಂದರೆ ಸಣ್ಣ ರವೆಯ ಕಾಲುಭಾಗ. ಬೆಳಿಗ್ಗೆ ಅಂಗಡಿಯವರ ಅಕ್ಕಿ, ಊಟವಾದ ಮೇಲೆ ಬೆಳಕು ಇರುವವರೆಗೆ ನನ್ನ ಕಲ್ಲು.

ಅವಳ ಅತ್ತೆಗೆ ಕಣ್ಣು ಮಂದವಾಗಿತ್ತು, ಕಿವಿ ಚುರುಕಾಗಿತ್ತು. ಕಂಬಕ್ಕೆ ಒರಗಿ ಕೂತು, "ಕಲ್ಲು ಆರಿಸಿ ಒಗೆದು ಅಕ್ಕಿ ಇಟ್ಕೊಳ್ಳೋರನ್ನ ಕಂಡಿದ್ದೆ. ಕಲ್ಲು ಆರಿಸಿ ಕಲ್ಲನ್ನೇ ಇಟ್ಕೊಳ್ಳೋರನ್ನ ಈಗ ಕಂಡೆ ನೋಡು" ಎನ್ನುತ್ತಿದ್ದರು. ಅಕ್ಕನಿಗೆ ನಗು ಬರುತ್ತಿತ್ತು, ಆದರೆ ಉಸಿರು ಹಿಡಿದಿರುತ್ತಿದ್ದಳು. ಕಾಳು ಸೀಸೆಗೆ ಬಿದ್ದ ಮೇಲೆ ಗೋಡೆಯ ಕಡೆ ತಿರುಗಿ ನಗುತ್ತಿದ್ದಳು.

ಏತಕ್ಕೆ ಆರಿಸುತ್ತಿದ್ದೇವೆಂದು ಗೊತ್ತಿಲ್ಲದೆ ಅವಳು ಯಾವ ಕೆಲಸವನ್ನೂ ಮಾಡುವವಳಲ್ಲ. ಒಂದು ಸಂಜೆ ಕೇಳಿದಳು. ನಾನು ಹೇಳಿದೆ: ನೀರಿನಲ್ಲಿರುವ ಆಮ್ಲಜನಕದಲ್ಲಿ ಎರಡು ತೂಕದ್ದಿದೆ. ಹಗುರಾದದ್ದೇ ಬಹುಪಾಲು, ತುಸು ಭಾರದ್ದು ಬಲು ಕಡಿಮೆ. ಎರಡೂ ಎಷ್ಟು ಕಾಲವಾದರೂ ಕೆಡದೆ ಇದ್ದಂತೆ ಇರುತ್ತವೆ. ಬಿಸಿಲಿಗೆ ನೀರು ಆವಿಯಾಗುವಾಗ ಹಗುರಾದದ್ದು ಬೇಗ ಏಳುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಅದಕ್ಕೇ ಮಳೆ ನೀರಿನಲ್ಲಿ ಭಾರದ್ದು ಕಡಿಮೆ, ಬತ್ತುತ್ತಿರುವ ನೀರಿನಲ್ಲಿ ಹೆಚ್ಚು. ಕಲ್ಲು ಯಾವ ನೀರಿನಲ್ಲಿ ಹುಟ್ಟುತ್ತದೋ ಆ ನೀರಿನ ಲೆಕ್ಕ ಅದರೊಳಗೆ ಉಳಿದುಬಿಡುತ್ತದೆ. ಆ ಯಂತ್ರ ಅದನ್ನು ಅಳೆಯುತ್ತದೆ.

ಅಕ್ಕ, "ಸಾರು ಕುದ್ದಷ್ಟೂ ಉಪ್ಪಾಗೋ ಹಂಗೆ" ಎಂದಳು. ಆಮೇಲೆ, "ಹಂಗಾದ್ರೆ ಈ ಕಲ್ಲು ಹುಟ್ಟಿದಾಗ ಯಾವ ನೀರು ಕುಡಿದಿತ್ತು ಅಂತ ಈಗ ಹೇಳಬಹುದು ಅಂತಾತು."

"ಹೌದು."

"ಎಷ್ಟು ವರ್ಷ ಆಗಿರಬೌದೋ?"

"ಸಾವಿರಾರು. ಲಕ್ಷವೂ ಇರಬಹುದು."

ಸ್ಲೇಟಿನ ಮೇಲಿದ್ದ ಒಂದು ಚೂರನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ನೋಡಿದಳು. "ಉಪ್ಪಿಲ್ಲ" ಎಂದಳು. ಅವಳು ಸಮುದ್ರ ಕಂಡವಳಲ್ಲ. ಅಂಜನಾಪುರದ ಕೆರೆಗಿಂತ ಎಷ್ಟು ದೊಡ್ಡದು ಎಂದು ಕೇಳಿದಳು. ನಾನು ಹೇಳಿದ್ದು ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಹೆಸರಿನ ಮಾತು ಬಂದದ್ದೂ ಅಂಥದೇ ಒಂದು ಸಂಜೆ. ಅಳೆದ ಮೇಲೆ ಏನು ಮಾಡುತ್ತಾರೆ ಎಂದಳು. ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ, ಯಾರು ಯಾರು ಏನು ಮಾಡಿದರು ಎಂದು ಹೆಸರು ಹಾಕಿ ಬರೆಯುತ್ತಾರೆ ಎಂದೆ.

"ನನ್ನ ಹೆಸರೂ ಬರ್ತತೇನು?"

"ಬರದೆ ಏನು? ಮೊದಲು ನಿಂದೇ."

ಸುಮ್ಮನೆ ಹೇಳಿದ ಮಾತು. ಅವಳು ಹಂಚಿಕಡ್ಡಿಯನ್ನು ನೀರಿಗೆ ಅದ್ದಿ ಮತ್ತೆ ಉಸಿರು ಹಿಡಿದಳು.

ಕೆಲಸ ಒಂದು ತಿಂಗಳು ನಡೆದಿರಬೇಕು. ಒಂದು ದಿನ ಅಕ್ಕ ಲೆನ್ಸು ಕೆಳಗಿಟ್ಟು, "ತಮ್ಮಾ, ನೀನು ಒಂದೇ ಅಂತೀಯ. ಇದರಾಗೆ ಎರಡು ಜಾತಿ ಐತೆ" ಎಂದಳು. "ಒಂದು ತಿಳಿನೀರಿನಂಗೆ ಐತೆ, ಹರಳು. ಇನ್ನೊಂದು ಒಳಗೆ ಗಂಜಿ ತುಂಬಿದಂಗೆ ಮಬ್ಬು."

ನನಗೆ ನೋಡಲು ಆಗುತ್ತಿರಲಿಲ್ಲ. ನೋಡಲು ಆಗದವನಿಗೆ ತಿಳಿದವನೆಂಬ ಜಂಬ ಹೆಚ್ಚು. "ಎರಡೂ ಡಾಲಮೈಟೇ ಅಕ್ಕ. ಧೂಳು ಸೇರಿ ಮಬ್ಬಾಗಿರುತ್ತೆ. ಒಟ್ಟಿಗೇ ಹಾಕು" ಎಂದೆ.

"ಧೂಳಲ್ಲ."

"ಒಟ್ಟಿಗೆ ಹಾಕು."

ಒಟ್ಟಿಗೆ ಹಾಕಿದಳು. ದಸರಾ ಮುಗಿದ ಮೇಲೆ ಆರು ಸೀಸೆ ಹೊರದೇಶಕ್ಕೆ ಹೋದವು. ನಾಲ್ಕು ತಿಂಗಳ ನಂತರ ಪ್ರೊಫೆಸರರ ಕಾಗದ ಬಂತು. ಒಂದೇ ಕಲ್ಲಿನ ಎರಡು ಚಿಟಿಕೆಗಳು ಎರಡು ಬೇರೆ ಬೇರೆ ಉತ್ತರ ಕೊಡುತ್ತಿವೆ, ಅಂಕಿಗಳಿಗೆ ಅರ್ಥವಿಲ್ಲ, ಬಹುಶಃ ಆರಿಸುವುದರಲ್ಲಿ ತಪ್ಪಾಗಿರಬಹುದು ಎಂದು ಬಹಳ ಸೌಜನ್ಯದಿಂದ ಬರೆದಿದ್ದರು. ಕಾಗದ ಓದಿ ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಕಣ್ಣೂ ಹೋಯಿತು, ಇದೂ ಹೋಯಿತು ಎನಿಸಿತು. ಅಕ್ಕನಿಗೆ ಹೇಳಿದೆ. ಹೇಳುವಾಗ ನೀನು ಆರಿಸಿದ್ದು ಸರಿ ಇರಲಿಲ್ಲ ಎನ್ನುವ ಧ್ವನಿ ನನ್ನ ಮಾತಿನಲ್ಲಿ ಇತ್ತೋ ಏನೋ. ಇದ್ದಿರಬೇಕು.

ಅವಳು ಒಳಗೆ ಹೋಗಿ ಎರಡು ಸೀಸೆ ತಂದು ನನ್ನ ಮುಂದೆ ಇಟ್ಟಳು. ಒಂದಕ್ಕೆ ಬಿಳಿ ದಾರ ಕಟ್ಟಿದ್ದಳು, ಇನ್ನೊಂದಕ್ಕೆ ಕೆಂಪು.

"ನೀನು ಕಳಿಸಿದ ಮ್ಯಾಗೆ ಉಳಿದ ಪುಡಿ ಇತ್ತಲ್ಲ, ಅದನ್ನ ನನ್ನ ಮನಸಿಗೆ ಬಂದಂಗೆ ಆರಿಸಿದೀನಿ. ಇದು ಗಂಜಿ ಕಾಳು. ಇದು ಹರಳು ಕಾಳು. ಬೇರೆ ಬೇರೆ ಕಳಿಸಿ ನೋಡು. ತಪ್ಪಾದ್ರೆ ನನ್ನನ್ನ ಬೈಯಿ."

ನಾಲ್ಕು ತಿಂಗಳು ಯಾರೂ ಹೇಳದೆ ಅವಳು ಆ ಕೆಲಸ ಮಾಡಿದ್ದಳು. ಕಳಿಸಿದೆ.

ಜೂನ್ ತಿಂಗಳಲ್ಲಿ ಉತ್ತರ ಬಂತು. ಈ ಸಲ ಪ್ರೊಫೆಸರರ ಕೈಬರಹವೇ ಬೇರೆ ಥರ ಇತ್ತು, ಓಡಿಬಂದವರ ಮಾತಿನ ಹಾಗೆ. ಗಂಜಿ ಕಾಳಿನಲ್ಲಿ ಭಾರದ ಆಮ್ಲಜನಕ ಸ್ಪಷ್ಟವಾಗಿ ಹೆಚ್ಚಿತ್ತು. ಉಂಗುರದ ನಡುವಿನ ಕೊಳ ಬಿಸಿಲಿಗೆ ಬತ್ತಿ ಉಪ್ಪಾಗಿದ್ದ ಕಾಲದಲ್ಲಿ ಅದು ಹುಟ್ಟಿತ್ತು. ಹರಳು ಕಾಳು ಎಷ್ಟೋ ಕಾಲದ ನಂತರ, ಮಾಮೂಲು ಸಮುದ್ರದ ನೀರು ಆಳದಲ್ಲಿ ಹರಿದಾಡಿದಾಗ ಬೆಳೆದದ್ದು. ಎರಡು ನೀರು, ಎರಡು ಕಾಲ. ಬೆರೆಸಿದಾಗ ಅರ್ಥವಿಲ್ಲದ್ದು ಬೇರ್ಪಡಿಸಿದಾಗ ಮಾತಾಡಿತ್ತು. ಅಕ್ಕನಿಗೆ ಓದಿ ಹೇಳಿದಾಗ ಸೆರಗಿನಿಂದ ಮುಖ ಒರೆಸಿಕೊಂಡು, "ಧೂಳಲ್ಲ ಅಂದಿದ್ನಲ್ಲ" ಎಂದಳು. ಅವತ್ತು ಅವಳು ಶಾವಿಗೆ ಪಾಯಸ ಮಾಡಿದಳು. ಅತ್ತೆ, "ಕಲ್ಲಿಗೆ ಹಬ್ಬ ಮಾಡೋ ಮನೆ ನಮ್ದೊಂದೇ" ಎನ್ನುತ್ತ ಎರಡು ಸಲ ಹಾಕಿಸಿಕೊಂಡರು.

ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. 'ಇಡೀ ಲೇಖನ ಈ ವಿಂಗಡಣೆಯ ಮೇಲೆ ನಿಂತಿದೆ. ಓದುವವರು ಮೊದಲು ಇದನ್ನೇ ಪ್ರಶ್ನಿಸುತ್ತಾರೆ. ಕಾಳುಗಳನ್ನು ಆರಿಸಿದವರು ಯಾರು, ಹೇಗೆ ಆರಿಸಿದರು ಎಂದು ತಿಳಿಸಿ.'

ಅದೇ ವಾರ ಕಾಲೇಜಿನಿಂದಲೂ ಒಂದು ಕಾಗದ ಬಂದಿತ್ತು. ಮೈಕ್ರೋಸ್ಕೋಪಿನ ಕೆಲಸಕ್ಕೆ ನಾನು ಶಕ್ತನೆಂದು ತೋರಿಸದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು. ಶಿಕಾರಿಪುರದ ಡಾಕ್ಟರರು ಒಳ್ಳೆಯವರು, ಆದರೆ ಇಲ್ಲದ ಕಣ್ಣನ್ನು ಇದೆ ಎಂದು ಬರೆದುಕೊಡುವವರಲ್ಲ. ಮೂರು ದಿನ ಯೋಚಿಸಿದೆ. ಓದು ಬರಹ ಅಷ್ಟಾಗಿ ಇಲ್ಲದ, ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಅಕ್ಕ ಆರಿಸಿದಳು ಎಂದರೆ ಹೊರದೇಶದಲ್ಲಿ ನಂಬುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಾದ ಕಾರಣವಲ್ಲ. ನಾನೇ ಆರಿಸಿದೆ ಎಂದು ಬರೆದರೆ ನನ್ನ ಕಣ್ಣಿಗೆ ಅದೇ ಸಾಕ್ಷಿಯಾಗುತ್ತಿತ್ತು. 'ಕಾಳುಗಳನ್ನು ಲೇಖಕನೇ ಲೆನ್ಸಿನ ಕೆಳಗೆ ಕೈಯಿಂದ ಆರಿಸಿದ್ದಾನೆ' ಎಂದು ಬರೆದು ಅಂಚೆಗೆ ಹಾಕಿದೆ. ಅಂಚೆಪೆಟ್ಟಿಗೆ ಅಕ್ಕನ ಮನೆಯಿಂದ ಹತ್ತು ಹೆಜ್ಜೆ. ಹೊಸಿಲಲ್ಲಿ ಅಕ್ಕಿ ಕೇರುತ್ತಿದ್ದ ಅವಳು ನಾನು ಹಾಕುವುದನ್ನು ನೋಡುತ್ತಿದ್ದಳು.

ಆ ಕಾಗದದ ನಕಲನ್ನು ಕಾಲೇಜಿಗೂ ಕಳಿಸಿದ್ದೆ, ಕೆಲಸ ಉಳಿಯಿತು. ಜುಲೈನಲ್ಲಿ ಹೋದೆ. ಎಡಗಣ್ಣು ಮೆಲ್ಲಗೆ ಸುಧಾರಿಸಿತು.

ಲೇಖನ ಅಚ್ಚಾಗಿ ಬಂದದ್ದು ಮರುವರ್ಷ. ದಸರಾ ರಜೆಗೆ ಬರುವಾಗ ಒಂದು ಪ್ರತಿಯನ್ನೂ ಹೊಸದಾಗಿ ಕುಟ್ಟಿದ ಕಲ್ಲಿನ ಪುಡಿಯನ್ನೂ ತಂದೆ. ಅಕ್ಕ ಕೈ ತೊಳೆದುಕೊಂಡು ಬಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು. ಚಿತ್ರಗಳನ್ನು ನೋಡಿದಳು, ಕಾಳಿನ ಫೋಟೋ ನೋಡಿ "ಗಂಜಿ" ಎಂದು ಬೆರಳಿಟ್ಟಳು. ಆಮೇಲೆ ಕೇಳಿದಳು.

"ನಂದು ಎಲ್ಲೈತೆ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದೂ ನಾನು ಉತ್ತರ ಸಿದ್ಧಮಾಡಿಕೊಂಡಿರಲಿಲ್ಲ. ಕೊನೆಯ ಪುಟದಲ್ಲಿ ನನ್ನ ಗುರುಗಳಿಗೂ ಹಡಗಿನವರಿಗೂ ಕೃತಜ್ಞತೆ ಹೇಳಿದ ನಾಲ್ಕು ಸಾಲು ಇದ್ದವು. ಅದರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟು "ಇಲ್ಲಿ" ಎಂದೆ.

ಅಕ್ಕ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಎದ್ದು ಒಳಗೆ ಹೋಗಿ ಟ್ರಂಕು ತೆರೆದು ಒಂದು ಚೀಟಿ ತಂದಳು. ಔಷಧಿ ಬರೆಯುವ ಚೀಟಿ. ನನ್ನ ಕಣ್ಣು ತೋರಿಸಲು ಶಿಕಾರಿಪುರಕ್ಕೆ ನನ್ನ ಜೊತೆ ಬಂದಿದ್ದಾಗ ಡಾಕ್ಟರರ ಹತ್ತಿರ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡಿದ್ದಳಂತೆ, ಅಚ್ಚಾದಾಗ ಗುರುತು ಸಿಗಲಿ ಎಂದು. ಚೀಟಿಯನ್ನು ಆ ಸಾಲಿನ ಕೆಳಗೆ ಇಟ್ಟಳು. ಒಂದೊಂದೇ ಅಕ್ಷರಕ್ಕೆ ಹೊಂದಿಸಿ ನೋಡುತ್ತ ಹೋದಳು.

"ಇದಲ್ಲಲ್ಲೋ ತಮ್ಮಾ" ಎಂದಳು. "ಇದರಾಗೆ ಮೊದಲನೇದೇ ಬೇರೆ ಐತೆ."

ಅವಳು ಪುಟಗಳನ್ನು ಹಿಂದಕ್ಕೆ ತಿರುವಿದಳು, ಪ್ರತಿ ಸಾಲಿನ ಕೆಳಗೆ ಚೀಟಿ ಹಿಡಿದು ಹುಡುಕಿದಳು. ಎಷ್ಟು ಪುಟ ಹಾಗೆ ನೋಡಿದಳೋ. ಕೊನೆಗೆ ನಾನೇ, "ಇಲ್ಲ ಅಕ್ಕ. ಹಾಕಲಿಲ್ಲ. ನಾನೇ ಆರಿಸಿದೆ ಅಂತ ಬರೆದೆ" ಎಂದೆ. ಕಾಲೇಜಿನ ಕಾಗದದ ವಿಷಯವನ್ನೂ ಹೇಳಿದೆ.

"ಅದನ್ನ ಹೇಳಿದ್ರೆ ನಾನು ಬ್ಯಾಡ ಅಂತಿದ್ನೇನೋ?" ಎಂದಳು ಅಕ್ಕ. "ನನ್ನ ತಮ್ಮನ ಕೆಲಸಕ್ಕೆ ತೊಂದ್ರೆ ಆಗ್ತತೆ ಅಂದ್ರೆ ಹೆಸರು ತಗೊಂಡು ನಾನೇನು ಮಾಡ್ಲಿ? ಹಾಕಲಿಲ್ಲ ಅನ್ನೋದಕ್ಕಲ್ಲ. ಇಲ್ಲೈತೆ ಅಂತ ಬೆರಳು ಇಟ್ಟೆಯಲ್ಲ. ನನಗೆ ಓದಾಕೆ ಬರಲ್ಲ ಅಂತ ತಾನೇ ಇಟ್ಟಿದ್ದು."

ಕಂಬಕ್ಕೆ ಒರಗಿದ್ದ ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಊಟಕ್ಕೆ ಎಂದಿನಂತೆ ಬಡಿಸಿದಳು. ರೊಟ್ಟಿಗೆ ಬೆಣ್ಣೆ ಹಾಕಿದಳು, ಇನ್ನೊಂದು ಹಾಕಿಸಿಕೋ ಎಂದಳು. ಬೆಳಿಗ್ಗೆ ನಾನು ಪುಡಿಯ ಪೊಟ್ಟಣ ತೆಗೆದಾಗ ಲೆನ್ಸು ತಂದು ನನ್ನ ಮುಂದೆ ಇಟ್ಟಳು. "ಇನ್ನು ನೀನೇ ಆರಿಸ್ಕೋ" ಎಂದಳು. ಸಿಟ್ಟಿನಿಂದಲ್ಲ. ಅಂಗಡಿಯವರಿಗೆ ಮೂಟೆ ವಾಪಸು ಕಳಿಸುವಾಗ ಹೇಳುತ್ತಿದ್ದ ಧ್ವನಿಯಲ್ಲಿ.

ಆ ಕಲ್ಲನ್ನು ಅವಳು ಮತ್ತೆ ಮುಟ್ಟಲಿಲ್ಲ. ನಾನು ಒಂದೇ ಕಣ್ಣಿನಲ್ಲಿ ಎರಡು ತಿಂಗಳು ಆರಿಸಿ ಕಳಿಸಿದೆ. ಅಂಕಿಗಳು ಮತ್ತೆ ಕಲಸಿಹೋದವು. ಪ್ರೊಫೆಸರರು, ಹಿಂದಿನ ಸಲದ ಕೈ ಈ ಸಲ ಕಾಣುತ್ತಿಲ್ಲವಲ್ಲ ಎಂದು ತಮಾಷೆಯಾಗಿ ಬರೆದಿದ್ದರು. ಆ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಸೊರಬಕ್ಕೆ ಹೋಗುವುದೂ ಕಡಿಮೆಯಾಯಿತು. ಹೋದರೂ ಮಳೆ, ಬೆಳೆ, ಅತ್ತೆಯ ಮಂಡಿನೋವು ಇಷ್ಟೇ ಮಾತು. ಬಾಯಿ ಬಿಟ್ಟು ತಪ್ಪಾಯಿತು ಎಂದು ಹೇಳುವುದಕ್ಕೆ ಏನು ಅಡ್ಡವಿತ್ತೋ, ಈಗ ಯೋಚಿಸಿದರೆ ತಿಳಿಯುವುದಿಲ್ಲ.

ಅರವತ್ತೊಂದರ ಮಾರ್ಚಿನಲ್ಲಿ ಅಣ್ಣನಿಂದ ತಂತಿ ಬಂತು. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ. ಅವಳಿಗೆ ಅದು ಐದಾರು ತಿಂಗಳಿಂದ ಗೊತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಶಿಕಾರಿಪುರದ ಆಸ್ಪತ್ರೆಗೆ ತರುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನಾನು ಹೋದಾಗ ಕಿಟಕಿಯ ಪಕ್ಕದ ಮಂಚದ ಮೇಲಿದ್ದಳು. ಕೈಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಆ ಕೈಗಳು ಕೆಲಸವಿಲ್ಲದೆ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಹನ್ನೊಂದು ದಿನ ಅಲ್ಲೇ ಇದ್ದೆ. ಒಂದು ಮಧ್ಯಾಹ್ನ ಅಣ್ಣಂದಿರು ಊಟಕ್ಕೆ ಹೋಗಿದ್ದಾಗ, "ಅಕ್ಕ, ಅವರಿಗೆ ಬರೀತೀನಿ. ನೀನು ಆರಿಸಿದ್ದು ಅಂತ ಬರೀತೀನಿ" ಎಂದೆ.

ಅವಳು ನನ್ನ ಬಲಗಣ್ಣಿನ ಹತ್ತಿರ ಕೈ ತಂದು, ಸುಟ್ಟ ಚರ್ಮವನ್ನು ಬೆರಳಿಂದ ಸವರಿದಳು.

"ನನಗೆ ಈಗ ಬೇಕಾಗಿಲ್ಲ ತಮ್ಮಾ. ಆದ್ರೆ ಬರಿ. ನೀನು ಇನ್ನೂ ಬಾಳ ವರ್ಷ ಇರ್ತೀಯ. ಅಷ್ಟು ವರ್ಷ ಒಳಗೆ ಇಟ್ಕೊಂಡು ಇರಾಕೆ ಆಗಲ್ಲ ನಿನಗೆ."

ಸ್ವಲ್ಪ ಹೊತ್ತಿನ ಮೇಲೆ, "ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ ಕೊಡಾಕೆ ಹೇಳು. ಅವರು ಕೇಳೋದಿಲ್ಲ, ನಾವೇ ಕೊಡಬೇಕು" ಎಂದಳು. ನನ್ನ ಜೊತೆ ಆಡಿದ ಮಾತುಗಳಲ್ಲಿ ಅದೇ ಕೊನೆಯದು. ಮೂರನೆಯ ದಿನ ಬೆಳಿಗ್ಗೆ ಹೋದಳು. ನಲವತ್ತೊಂದು ವರ್ಷ. ಸೊರಬಕ್ಕೆ ಒಯ್ದು ಭಾವನ ಪಕ್ಕದಲ್ಲೇ ಮಣ್ಣು ಮಾಡಿದೆವು. ಪೇಟೆಯ ಅಂಗಡಿಯವರೆಲ್ಲ ಬಂದಿದ್ದರು.

ಆ ವಾರವೇ ಪ್ರೊಫೆಸರರಿಗೆ ಬರೆದೆ. ನನ್ನ ಕಣ್ಣು, ಹುಣಸೆ ನೀರು, ಬಿಳಿ ದಾರ ಕೆಂಪು ದಾರ, ಕೊನೆಗೆ ನನ್ನ ಸುಳ್ಳು, ಎಲ್ಲವನ್ನೂ ಬರೆದೆ. ಕಾಲೇಜಿನ ಮುಖ್ಯಸ್ಥರಿಗೂ ಒಂದು ಪ್ರತಿ ಕೊಟ್ಟೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಅವರು ಓದಿ, ಕನ್ನಡಕ ತೆಗೆದು, "ಪಾಠ ಹೇಳೋದಕ್ಕೆ ಒಂದು ಕಣ್ಣು ಸಾಕು. ಹೋಗಿ" ಎಂದರು. ಇಷ್ಟೇ ಆಗುವುದಿತ್ತು. ಇದಕ್ಕೆ ಹೆದರಿ ನಾನು ಅಷ್ಟು ಮಾಡಿದ್ದೆ.

ಮುಂದಿನ ವರ್ಷದ ಸಂಪುಟದಲ್ಲಿ, ಒಂದು ಪುಟದ ತಳದಲ್ಲಿ ಮೂರು ಸಾಲಿನ ತಿದ್ದುಪಡಿ ಅಚ್ಚಾಯಿತು. ಆ ದ್ವೀಪದ ಡಾಲಮೈಟ್ ಕಾಳುಗಳಲ್ಲಿ ಎರಡು ಬಗೆಯಿರುವುದನ್ನು ಮೊದಲು ಕಂಡವಳೂ ಅವುಗಳನ್ನು ಬೇರ್ಪಡಿಸಿದವಳೂ ಲೇಖಕನ ಅಕ್ಕ ಎಂದು ಅದರಲ್ಲಿ ಬರೆದು ಅವಳ ಹೆಸರು ಕೊಟ್ಟಿದ್ದಾರೆ. ಆ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅದು ಅಚ್ಚಾಗಬೇಕಾಗಿದ್ದ ಜಾಗ ಅದು. ಇಲ್ಲಿ ಅವಳು ಅಕ್ಕ. ಬದುಕಿದ್ದಷ್ಟು ದಿನ ನಾನು ಅವಳ ಹೆಸರು ಹಿಡಿದು ಕರೆದವನಲ್ಲ.

ಸಂಪುಟ ಕೈಗೆ ಬಂದ ಮೇಲೆ ಸೊರಬಕ್ಕೆ ಹೋದೆ. ಅತ್ತೆಯನ್ನು ಕುಪ್ಪಗಡ್ಡೆಯ ನೆಂಟರ ಹುಡುಗಿಯೊಬ್ಬಳು ನೋಡಿಕೊಳ್ಳುತ್ತಿದ್ದಳು. ಅವರಿಗೆ ಆಗ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ಪಕ್ಕದಲ್ಲಿ ಕೂತು ಅವರ ಕೈಯನ್ನು ಆ ಪುಟದ ಮೇಲೆ ಇಟ್ಟು, ಹೀಗೆ ಬಂದಿದೆ ಅತ್ತೆ ಎಂದೆ.

"ಓದು" ಎಂದರು.

"ಇಂಗ್ಲಿಷಿನಲ್ಲಿದೆ."

"ಇದ್ದಂಗೆ ಓದು. ಅವಳ ಹೆಸರು ಕೇಳಿದ್ರೆ ನನಗೆ ಗೊತ್ತಾಗ್ತತೆ."

ಓದಿದೆ. ಅತ್ತೆ ಕಿವಿ ಕೊಟ್ಟು ಕೇಳಿದರು. ಹೆಸರು ಬಂದಾಗ ಪುಟದ ಮೇಲಿದ್ದ ಅವರ ಕೈ ಮುದುಡಿತು. ಇನ್ನೊಮ್ಮೆ ಓದು ಎಂದರು, ಓದಿದೆ. ಮತ್ತೊಮ್ಮೆ ಎಂದರು. ಮೂರನೆಯ ಸಲ ಓದಿ ಮುಗಿಸಿದಾಗ ಅವರು ಕೈ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಚೆಂದ ಓದ್ತೀಯ" ಎಂದರು. "ಅವಳು ಕೇಳೋ ಹಂಗಿದ್ದಾಗ ಓದಬೇಕಿತ್ತು."

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ. ಊಟದ ಹೊತ್ತು ಮೀರಿತ್ತು. ಒಳಗೆ ಹೋಗಿ ತಟ್ಟೆಗೆ ಅನ್ನ ಬಡಿಸಿಕೊಂಡು, ಸಾರು ಕಲಸಿ ತಂದು ಅವರ ಕೈಗೆ ಕೊಟ್ಟೆ. ಎರಡನೆಯ ತುತ್ತಿಗೆ ಅವರ ಹಲ್ಲಿಗೆ ಕಲ್ಲು ಸಿಕ್ಕಿತು. ಅದನ್ನು ಬೆರಳಿಂದ ತೆಗೆದು ತಟ್ಟೆಯ ಅಂಚಿಗೆ ಇಟ್ಟರು. ಊಟ ಮುಂದುವರಿಸಿದರು.